ಪದ ಪರಿಚಯ: ವಿದೇಶಿ ಹಸ್ತಕ್ಷೇಪ

ಲಂಡನ್ನಿನ ಯಾವುದೋ ಪತ್ರಿಕೆ ನಮ್ಮ ಚುನಾವಣೆ ಬಗ್ಗೆ ನಾಲ್ಕು ಸಾಲು ಟೀಕೆ ಬರೆದರೆ ಸಾಕು, ಹುಬ್ಬಳ್ಳಿಯ ವಾಟ್ಸಾಪ್ ಗ್ರೂಪುಗಳಲ್ಲಿ ‘ವಿದೇಶಿ ಹಸ್ತಕ್ಷೇಪ’ದ ಕೂಗು ಏಳುತ್ತದೆ. ಮೊನ್ನೆಯಂತೂ ವಾರ್ಡಿನ ಗಟಾರ ಜಗಳಕ್ಕೂ ಒಬ್ಬರು ‘ಇದ್ರಾಗ ಫಾರಿನ್ ಕೈ ಐತ್ರಿ’ ಎಂದು ಬರೆದಿದ್ದರು. ನಮ್ಮ ಗಟಾರಕ್ಕೆ ಯಾವ ದೇಶ ಕೈ ಹಾಕೀತು, ನೀವೇ ಹೇಳಿ.

ಕ್ಷೇಪ ಎಂದರೆ ಎಸೆಯುವುದು, ಹಾಕುವುದು. ಹಸ್ತಕ್ಷೇಪ ಅಂದರೆ ಕೈ ಹಾಕುವುದು. ಆಕ್ಷೇಪವೂ ಅದೇ ಮನೆಯ ಪದ, ಗೊಂದಲ ಶುರುವಾಗುವುದೇ ಇಲ್ಲಿ. ಆಕ್ಷೇಪ ಎತ್ತುವ ವಿದೇಶಿ ಪತ್ರಿಕೆ ತನ್ನ ಹೆಸರಲ್ಲೇ ಬರೆಯುತ್ತದೆ. ಒಪ್ಪಬಹುದು, ಬೈಯಬಹುದು, ಓದದೇ ಬಿಡಬಹುದು. ಅದು ಹಸ್ತಕ್ಷೇಪ ಅಲ್ಲ. ಈ ಮನೆಯ ಮೂರನೇ ಪದ ಪ್ರಕ್ಷಿಪ್ತ. ಧಾರವಾಡದವರಿಗೆ ಇದೇನು ಹೊಸದಲ್ಲ. ಯಾರೋ ಆಮೇಲೆ ಬರೆದದ್ದಕ್ಕೆ ‘ಕೂಡಲಸಂಗಮದೇವ’ ಅಂಕಿತ ಹಚ್ಚಿ ಬಸವಣ್ಣನವರ ವಚನಗಳ ನಡುವೆ ಸೇರಿಸಿದರೆ ಅದು ಪ್ರಕ್ಷಿಪ್ತ. ಸಂಪಾದಕರು ಹಸ್ತಪ್ರತಿಗಳನ್ನು ತಾಳೆ ನೋಡಿ ಇಂಥವನ್ನು ಬೇರ್ಪಡಿಸಿದರು. ಹೊರಗಿನ ದುಡ್ಡು, ಇಮೇಲ್ ಕಳವು ಇವೂ ಚುನಾವಣಾ ಹಸ್ತಕ್ಷೇಪವೇ. ಆದರೆ ಸೋಶಿಯಲ್ ಮೀಡಿಯಾದಲ್ಲಿ ನಡೆಯುವುದು ಜಾಸ್ತಿ ಈ ಪ್ರಕ್ಷಿಪ್ತದ ಜಾತಿಯದು: ಮಾತು ಹೊರಗಿನವರದು, ಅಂಕಿತ ಊರವರದು.

ಅಮೆರಿಕದ ಹೂಸ್ಟನ್ನಿನಲ್ಲಿ 2016ರ ಮೇನಲ್ಲಿ ಇಸ್ಲಾಮಿಕ್ ಕೇಂದ್ರವೊಂದರ ಮುಂದೆ ವಿರೋಧಿಗಳೂ ಬೆಂಬಲಿಗರೂ ಎದುರುಬದುರು ನಿಂತು ಕೂಗಾಡಿದರು. ಒಂದು ಗುಂಪನ್ನು ಕರೆದದ್ದು ‘ಹಾರ್ಟ್ ಆಫ್ ಟೆಕ್ಸಾಸ್’ ಎಂಬ ಫೇಸ್‌ಬುಕ್ ಪೇಜ್, ಇನ್ನೊಂದನ್ನು ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’. ಎರಡನ್ನೂ ನಡೆಸುತ್ತಿದ್ದುದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಎಂಬ ನಕಲಿ ಖಾತೆಗಳ ಕಂಪನಿ! 2016ರ ಅಮೆರಿಕ ಚುನಾವಣೆಯಲ್ಲಿ ರಷ್ಯಾದ ಕೈವಾಡದ ಬಗ್ಗೆ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ನಡೆಸಿದ ತನಿಖೆಯಲ್ಲಿ 2018ರ ಫೆಬ್ರುವರಿಯಲ್ಲಿ 13 ರಷ್ಯನ್ನರು ಮತ್ತು 3 ಸಂಸ್ಥೆಗಳ ಮೇಲೆ ಆರೋಪಪಟ್ಟಿ ಬಿತ್ತು. ಅವರು ಏನು ಬರೆದರು ಅನ್ನುವುದಕ್ಕಿಂತ ಅಮೆರಿಕನ್ನರ ವೇಷದಲ್ಲಿ ಬರೆದರು ಅನ್ನುವುದೇ ಅಲ್ಲಿ ಮುಖ್ಯ.

‘ಜಾಹೀರಾತು ನಿಲ್ಲಿಸಿದರೆ ಎಲ್ಲ ನಿಂತಂತೆ’ ಅನ್ನುವ ಮಾತೂ ಸುಮ್ನೆ ಓಡಾಡುತ್ತಿದೆ. ಫೇಸ್‌ಬುಕ್ ಆಗ ಪತ್ತೆಹಚ್ಚಿದ ಜಾಹೀರಾತು ಸುಮಾರು 3,000, ಖರ್ಚು ಒಂದು ಲಕ್ಷ ಡಾಲರ್ ಆಸುಪಾಸು. ಅದೇ ಏಜೆನ್ಸಿಯ ಪುಕ್ಕಟೆ ಪೋಸ್ಟುಗಳು 12.6 ಕೋಟಿ ಜನರ ಕಣ್ಣಿಗೆ ಬಿದ್ದಿರಬಹುದು ಎಂದು ಕಂಪನಿಯೇ ಹೇಳಿತು.

ನಮ್ಮಲ್ಲಿ ಅಭ್ಯರ್ಥಿಗಳು ಸೋಶಿಯಲ್ ಮೀಡಿಯಾಕ್ಕೆ ಜಾಹೀರಾತು ಕೊಡುವ ಮೊದಲು ಚುನಾವಣಾ ಜಾಹೀರಾತು ಪರಿಶೀಲಿಸುವ ಎಂಸಿಎಂಸಿ (ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ) ಸಮಿತಿಯ ಒಪ್ಪಿಗೆ ಬೇಕು. ಫೇಸ್‌ಬುಕ್‌ನಲ್ಲಿ 2019ರಿಂದ ರಾಜಕೀಯ ಜಾಹೀರಾತಿನ ಮೇಲೆ ದುಡ್ಡು ಕೊಟ್ಟವರ ಹೆಸರಿರಬೇಕು. ಇಂಥ ಜಾಹೀರಾತುಗಳನ್ನು ಕೂಡಿಡುವ ಅದರ ಆ್ಯಡ್ ಲೈಬ್ರರಿಯಲ್ಲಿ ಯಾರು ಬೇಕಾದರೂ ಹುಡುಕಬಹುದು, ಹುಡುಕುವವರು ಕಡಿಮೆ ಅಷ್ಟೇ. ಬೂಸ್ಟ್ ಮಾಡಿದ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸಿದ ಪೋಸ್ಟಿಗೂ ಇದೇ ನಿಯಮ. ‘ನಾ ಬರೇ ಬೂಸ್ಟ್ ಮಾಡೇನ್ರಿ, ಜಾಹೀರಾತಲ್ಲ’ ಅನ್ನುವವರು ಬೂಸ್ಟಿಗೆ ಕೊಟ್ಟ ದುಡ್ಡನ್ನು ಏನೆಂದು ಕರೆಯುತ್ತಾರೋ. ಇನ್ನು ವಾಟ್ಸಾಪ್ ಫಾರ್ವರ್ಡಿಗೆ ಹೆಸರೂ ಇಲ್ಲ, ಲೈಬ್ರರಿಯೂ ಇಲ್ಲ.

ರೊಮೇನಿಯಾದಲ್ಲಿ 2024ರ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಲ್ಲಿ ಮುಂದೆ ಬಂದ ಕ್ಯಾಲಿನ್ ಜಾರ್ಜೆಸ್ಕು ಪ್ರಚಾರದ ಖರ್ಚು ಸೊನ್ನೆ ಎಂದು ಲೆಕ್ಕ ಕೊಟ್ಟಿದ್ದರು. ಟಿಕ್‌ಟಾಕ್ ತುಂಬ ಮಾತ್ರ ಅವರದೇ ಮುಖ. ಇದರ ಹಿಂದೆ ಹೊರಗಿನ ಕೈ ಇದೆ ಎಂದು ಶಂಕಿಸಿದ ಅಲ್ಲಿನ ಗುಪ್ತಚರ ಕಡತಗಳು ಹೊರಬಂದವು. ಎರಡನೇ ಸುತ್ತಿಗೆ ಎರಡು ದಿನ ಇದ್ದಾಗ, ಡಿಸೆಂಬರ್ 6ರಂದು, ಅಲ್ಲಿನ ಸಂವಿಧಾನ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು.