ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ?

ಹುಣ್ಣಿಮೆಗೆ ಚಂದ್ರಗ್ರಹಣ, ಅಮಾವಾಸ್ಯೆಗೆ ಸೂರ್ಯಗ್ರಹಣ. ಯಾರ ನೆರಳು ಯಾರ ಮೇಲೆ ಬೀಳುತ್ತದೆ ಅನ್ನುವುದು ಮಕ್ಕಳಿಗೂ ಬಾಯಿಪಾಠ. ಟೆಲಿಸ್ಕೋಪ್ ಹೊತ್ತು ಶಾಲೆಗಳಿಗೆ ಹೋಗುವ ನನಗೆ ಅದನ್ನು ಹೇಳಿಕೊಡುವ ಕೆಲಸವೇ ಇಲ್ಲ. ಆದರೆ "ಹಾಗಾದ್ರೆ ತಿಂಗಳಿಗೆ ಎರಡು ಗ್ರಹಣ ಆಗಬೇಕಲ್ವಾ?" ಅಂತ ಕೇಳಿದರೆ ಮೇಷ್ಟ್ರುಗಳೇ ತಡವರಿಸುತ್ತಾರೆ. "ಆಗುತ್ತೆ ಸರ್, ಮೋಡ ಇರುತ್ತಲ್ಲ, ಕಾಣಲ್ಲ" ಅಂದರು ಒಬ್ಬರು. ಪ್ರೀತಿಯಿಂದ ಊಟ ಹಾಕಿಸಿದ್ದವರು, ಏನು ಹೇಳಲಿ!

ನನ್ನ ಸಿಟ್ಟು ಅವರ ಮೇಲಲ್ಲ, ಪುಸ್ತಕದ ಆ ಚಿತ್ರದ ಮೇಲೆ. ಸೂರ್ಯ, ಚಂದ್ರ, ಭೂಮಿ ಮೂರನ್ನೂ ಒಂದು ಗೇಣಿನೊಳಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಅಷ್ಟು ಹತ್ತಿರ ಇದ್ದರೆ ನೆರಳಿನಿಂದ ತಪ್ಪಿಸಿಕೊಳ್ಳುವುದಕ್ಕೆ ಜಾಗ ಎಲ್ಲಿ? ನಿಜವಾದ ಅಳತೆ ಬೇಕಿದ್ದರೆ ಕರಿಹಲಗೆ ಬಿಟ್ಟು ಜಗಲಿಗೆ ಬನ್ನಿ. 22 ಸೆಂಟಿಮೀಟರಿನ ಫುಟ್‌ಬಾಲ್ ಭೂಮಿ ಅಂದುಕೊಳ್ಳಿ. ಚಂದ್ರ 6 ಸೆಂಟಿಮೀಟರಿನ ಚೆಂಡು, ಸುಮಾರು 22 ಅಡಿ ದೂರದಲ್ಲಿ. ಸೂರ್ಯ ಎರಡೂವರೆ ಕಿಲೋಮೀಟರ್ ಆಚೆ. ಚಂದ್ರನ ಹತ್ತಿರ ಹೋಗುವಷ್ಟರಲ್ಲಿ ಭೂಮಿಯ ದಟ್ಟ ನೆರಳು ಬರೀ 16 ಸೆಂಟಿಮೀಟರಿಗೆ ಇಳಿದಿರುತ್ತದೆ. ಚಂದ್ರನ ದಾರಿಯೋ ಭೂಮಿ ಸೂರ್ಯನನ್ನು ಸುತ್ತುವ ಮಟ್ಟಕ್ಕೆ ಸುಮಾರು 5 ಡಿಗ್ರಿ ಓರೆ. ಆ ಓರೆಯಿಂದ ಅವನು ನೆರಳಿಗಿಂತ ಸುಮಾರು ಎರಡು ಅಡಿ ಮೇಲೋ ಕೆಳಗೋ ಹೋಗಿಬಿಡಬಹುದು.

"ಐದು ಡಿಗ್ರಿ ಏನು ಮಹಾ" ಅನ್ನುವವರು ಜಾಸ್ತಿ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ ಅಷ್ಟೆ. ಐದು ಡಿಗ್ರಿ ಅಂದರೆ ಹತ್ತು ಚಂದ್ರರನ್ನು ಒಂದರ ಮೇಲೊಂದು ಜೋಡಿಸಿದ ಎತ್ತರ. ಅಮಾವಾಸ್ಯೆಯಲ್ಲೂ ಇದೇ ಕತೆ. ಚಂದ್ರನ ನೆರಳು ಸಾಮಾನ್ಯವಾಗಿ ಭೂಮಿಯನ್ನು ಮುಟ್ಟದೆ ಆಚೆಗೆ ಹೋಗುತ್ತದೆ.

ಚಂದ್ರನ ದಾರಿ, ಆಕಾಶದಲ್ಲಿ ಸೂರ್ಯ ಸಾಗುವಂತೆ ನಮಗೆ ಕಾಣುವ ದಾರಿಯನ್ನು ಎರಡು ಕಡೆ ದಾಟುತ್ತದೆ. ಪಂಚಾಂಗದಲ್ಲಿ ಅವೇ ರಾಹು, ಕೇತು. ತಲೆ ಕಡಿದ ಕತೆ ಹಾಗಿರಲಿ, ಲೆಕ್ಕ ಮಾತ್ರ ಪಕ್ಕಾ. ಪಂಚಾಂಗ ಓದಿದ ಹಿರಿಯರಿಗೆ ಈ ಭಾಗ ಬೇಗ ಹತ್ತುತ್ತದೆ, ಎಂಜಿನಿಯರುಗಳ ಜತೆ ಅರ್ಧ ಗಂಟೆ ಒದ್ದಾಡಬೇಕು! ಸೂರ್ಯ ಈ ಬಿಂದುಗಳ ಹತ್ತಿರ ಇರುವಾಗ ಬರುವ ಹುಣ್ಣಿಮೆ, ಅಮಾವಾಸ್ಯೆಗಳಿಗೆ ಮಾತ್ರ ಗ್ರಹಣ. ಸುಮಾರು 173 ದಿನಕ್ಕೊಮ್ಮೆ ಬರುವ ಈ ಕಾಲ ಒಂದು ತಿಂಗಳಿಗಿಂತ ತುಸು ಹೆಚ್ಚು ಇರುತ್ತದೆ. ಬಿಂದುಗಳೂ ಹಿಂದಕ್ಕೆ ಸರಿಯುತ್ತಿರುತ್ತವೆ, ಹಾಗಾಗಿ ಗ್ರಹಣದ ಕಾಲ ವರ್ಷ ವರ್ಷ ಸ್ವಲ್ಪ ಬೇಗ ಬರುತ್ತದೆ. 2025ರ ಸೆಪ್ಟೆಂಬರಿನದು 2026ರಲ್ಲಿ ಆಗಸ್ಟಿಗೆ ಬಂತು.

ಈಗ ಟಿವಿಯವರ ವಿಷಯ. "ಹದಿನೈದೇ ದಿನದಲ್ಲಿ ಎರಡು ಗ್ರಹಣ!" ಅಂತ ಕೆಂಪಕ್ಷರದಲ್ಲಿ ಹಾಕುತ್ತಾರೆ. ಆ ಕಾಲ ತಿಂಗಳು ದಾಟಿ ಇರುವಾಗ ಅದರಲ್ಲಿ ಒಂದು ಹುಣ್ಣಿಮೆ, ಒಂದು ಅಮಾವಾಸ್ಯೆ ಇರಲೇಬೇಕಲ್ವಾ? ಗ್ರಹಣಗಳು ಬರುವುದೇ ಕಡಿಮೆ ಅಂದರೂ ಜೋಡಿಯಾಗಿ. 2025ರ ಸೆಪ್ಟೆಂಬರ್ 7ರ ರಾತ್ರಿ ನಮಗೆ ಪೂರ್ಣ ಚಂದ್ರಗ್ರಹಣವಾಯಿತು. 21ಕ್ಕೆ ಸೂರ್ಯಗ್ರಹಣವಾಯಿತು, ಭಾರತದಲ್ಲಿ ಕಾಣಲಿಲ್ಲ ಅಷ್ಟೆ. 2020ರಲ್ಲಂತೂ ಜೂನ್ 5, ಜೂನ್ 21, ಜುಲೈ 5, ಹೀಗೆ ತಿಂಗಳೊಳಗೆ ಮೂರು. ಅದರಲ್ಲಿ ಮೊದಲನೆಯದು ಮತ್ತು ಕೊನೆಯದು ಚಂದ್ರಗ್ರಹಣಗಳು, ಭೂಮಿಯ ದಟ್ಟ ನೆರಳಿನ ಸುತ್ತ ಇರುವ ತೆಳು ನೆರಳಿನವು, ಬರಿಗಣ್ಣಿಗೆ ಗೊತ್ತಾಗುವುದೇ ಕಷ್ಟ. ಅದಕ್ಕೂ ಫೋನ್ ಮಾಡಿ "ಊಟ ಎಷ್ಟು ಗಂಟೆಗೆ ಮುಗಿಸಬೇಕು ಸರ್?" ಅಂತ ಕೇಳಿದವರಿದ್ದಾರೆ. ಹಸಿವಾದಾಗ ಊಟ ಮಾಡಿ ಅಂದೆ.