ಒಂದೆಳೆ ಕೂದಲು, ನಾಲ್ಕು ಅಜ್ಞಾತಗಳು

ಅಮೆರಿಕದ ಟಿವಿ ವಾಹಿನಿ ಎಚ್‌ಬಿಒದ ‘ಬೋರ್ಡ್‌ವಾಕ್ ಎಂಪೈರ್’ (2010–14) ಧಾರಾವಾಹಿಯ ಕತೆ ಶುರುವಾಗುವುದು 1920ರ ಅಟ್ಲಾಂಟಿಕ್ ಸಿಟಿಯಲ್ಲಿ. ಕಡಲಂಚಿಗೆ ಮರದ ಹಲಗೆ ಹಾಸಿದ ಹಾದಿ, ಒಂದು ಬದಿಗೆ ಅಂಗಡಿ-ಹೋಟೆಲು, ಇನ್ನೊಂದು ಬದಿಗೆ ಸಮುದ್ರ. ಆದರೆ ಚಿತ್ರೀಕರಣ ನಡೆದ ಜಾಗದಲ್ಲಿ ಆ ಸಮುದ್ರವೇ ಇರಲಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸುಮಾರು 300 ಅಡಿ ಉದ್ದದ ಸೆಟ್ ಹಾಕಿ, ನೀರಿರಬೇಕಾದ ಕಡೆ ಎತ್ತರದ ನೀಲಿ ಪರದೆ ನಿಲ್ಲಿಸಿದ್ದರು. ಅಲೆ, ಮರಳು, ದೂರದ ಕಟ್ಟಡಗಳು ಎಲ್ಲ ಆಮೇಲೆ ಸೇರಿಕೊಂಡವು.

ಬೇರೆ ಬೇರೆ ಕಡೆ ಹುಟ್ಟಿದ ಚಿತ್ರಗಳನ್ನು ಹೀಗೆ ಒಂದೇ ಚೌಕಟ್ಟಿನಲ್ಲಿ ಕೂಡಿಸುವ ಕೆಲಸಕ್ಕೆ ಕಾಂಪೊಸಿಟಿಂಗ್ ಎನ್ನುತ್ತಾರೆ. ನೋಡುಗರ ಶಹಬ್ಬಾಸ್ ಸಿಗುವುದು ಕಡಲಿಗೆ. ನನ್ನನ್ನು ಕೇಳಿದರೆ, ಟೋಪಿಯಿಂದ ತಪ್ಪಿಸಿಕೊಂಡು ಗಾಳಿಗೆ ಹಾರುವ ಒಂದೆಳೆ ಕೂದಲೇ ಅದಕ್ಕಿಂತ ಕಷ್ಟದ ಕೆಲಸ.

ಕೂದಲು ಎಷ್ಟೋ ಸಲ ಒಂದು ಪಿಕ್ಸೆಲ್‌ನಷ್ಟೂ, ಅಂದರೆ ಡಿಜಿಟಲ್ ಚಿತ್ರದ ಒಂದು ಚುಕ್ಕೆಯಷ್ಟೂ, ದಪ್ಪ ಇರುವುದಿಲ್ಲ. ಹಾಗಾಗಿ ಆ ಪಿಕ್ಸೆಲ್‌ನಲ್ಲಿ ನೂರಕ್ಕೆ 40 ಪಾಲು ಕೂದಲು, 60 ಪಾಲು ಹಿಂದಿನ ಪರದೆ ಬೆರೆತಿರುತ್ತವೆ ಎನ್ನೋಣ. ಇದ್ದಂತೆಯೇ ಉಳಿಸಿಕೊಂಡರೆ ತಲೆಯ ಸುತ್ತ ನೀಲಿ ಅಂಚು ಕಾಣುತ್ತದೆ. ತೆಗೆದು ಹಾಕಿದರೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಆಗುತ್ತದೆ. ಬೇಕಾಗಿರುವುದು ಆ 0.4 ಎಂಬ ಸಂಖ್ಯೆ. ಅದರ ಹೆಸರು ಆಲ್ಫಾ. ಪ್ರತಿ ಪಿಕ್ಸೆಲ್‌ಗೂ ಬಣ್ಣದ ಜೊತೆಗೆ ಹೀಗೊಂದು ಆಲ್ಫಾ ಇಟ್ಟುಕೊಳ್ಳುವ ಉಪಾಯ 1970ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರಿಗೆ ಹೊಳೆಯಿತು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಬೀಜಗಣಿತವನ್ನು ಬರೆದಿಟ್ಟರು. ಸೂತ್ರ ಹೈಸ್ಕೂಲಿನ ಮಟ್ಟದ್ದು: ಮುಂದಿರುವ ವಸ್ತುವಿನ ಬಣ್ಣವನ್ನು ಆಲ್ಫಾದಿಂದ ಗುಣಿಸಿ, ಹಿನ್ನೆಲೆಯ ಬಣ್ಣವನ್ನು 1ರಲ್ಲಿ ಆಲ್ಫಾ ಕಳೆದು ಉಳಿದದ್ದರಿಂದ ಗುಣಿಸಿ, ಎರಡನ್ನೂ ಕೂಡಿಸುವುದು. 40 ಪಾಲು ಕೂದಲು, 60 ಪಾಲು ಕಡಲು.

ತೊಡಕಿರುವುದು ಈ ಲೆಕ್ಕವನ್ನು ಹಿಂದುಮುಂದಾಗಿ ಮಾಡುವಲ್ಲಿ. ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೆ ಕೊಡುವುದು ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆಗಳನ್ನು. ಪರದೆಯ ಬಣ್ಣ ಗೊತ್ತಿದ್ದರೂ ಕೂದಲಿನ ಬಣ್ಣದ ಮೂರು ಅಂಶ, ಜೊತೆಗೆ ಆಲ್ಫಾ, ಒಟ್ಟು ನಾಲ್ಕು ಅಜ್ಞಾತಗಳು. ಮೂರು ಸಮೀಕರಣ, ನಾಲ್ಕು ಅಜ್ಞಾತ; ಒಂದೇ ಉತ್ತರ ಬರುವ ಮಾತಿಲ್ಲ. ಸ್ಮಿತ್ ಮತ್ತು ಜಿಮ್ ಬ್ಲಿನ್ 1996ರಲ್ಲಿ ತೋರಿಸಿದಂತೆ, ಅದೇ ವಸ್ತುವನ್ನು ಎರಡು ಬೇರೆ ಬಣ್ಣದ ಪರದೆಗಳ ಮುಂದಿಟ್ಟು ಚಿತ್ರ ತೆಗೆದರೆ ಉತ್ತರ ಕರಾರುವಾಕ್ಕಾಗಿ ಸಿಗುತ್ತದೆ. ಹೂಜಿಗೆ ಇದು ಸರಿ. ಗಾಳಿಗೆ ಹಾರುವ ಕೂದಲು ಎರಡನೇ ಸಲ ಹಾಗೆಯೇ ಹಾರಬೇಕಲ್ಲ!

ಈ ಕೆಲಸಕ್ಕೆ ಕಂಪ್ಯೂಟರ್ ಇನ್ನೂ ಕಾಲಿಡದಿದ್ದ 1950ರ ದಶಕದಲ್ಲಿ, ‘ಬೆನ್-ಹರ್’ (1959) ಚಿತ್ರಕ್ಕಾಗಿ ಪೆಟ್ರೊ ವ್ಲಾಹೋಸ್ ಇದಕ್ಕೊಂದು ದಾರಿ ಹುಡುಕಿದ್ದರು. ಚರ್ಮ, ಮರ, ಕೂದಲು ಇವುಗಳಲ್ಲಿ ನೀಲಿ ಅಂಶ ಹಸಿರನ್ನು ಮೀರುವುದು ಅಪರೂಪ. ಹಾಗಾದರೆ ಹಸಿರಿಗಿಂತ ಎಷ್ಟು ನೀಲಿ ಹೆಚ್ಚಿದೆಯೋ ಅಷ್ಟು ಪರದೆಯ ಪಾಲು ಎಂದುಕೊಳ್ಳಬಹುದು. ಪರದೆಯ ಬಣ್ಣ ಗುರುತಿಸಿ ಬೇರ್ಪಡಿಸುವ ಇಂದಿನ ಕೀಯಿಂಗ್ ಸಾಫ್ಟ್‌ವೇರ್‌ಗಳಲ್ಲೂ ಈ ಊಹೆಯ ಅಂಶ ಉಳಿದಿದೆ. ನೀಲಿ ಸೂಟು ತೊಟ್ಟವನು ಬಂದರೆ ಊಹೆ ಕೈಕೊಡುತ್ತದೆ, ಸೂಟಿನ ಜಾಗದಲ್ಲಿ ಕಡಲು ಇಣುಕುತ್ತದೆ! ಆಗ ಉಳಿಯುವುದು ರೋಟೋ, ಅಂದರೆ ಒಂದೊಂದು ಫ್ರೇಮಿನಲ್ಲೂ ಕೈಯಿಂದ ಅಂಚು ಬರೆಯುವುದು. ಹೊರದೇಶದ ನಿರ್ಮಾಣಗಳ ಇಂಥ ರೋಟೋ ಕೆಲಸ ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳಿಗೂ ಬರುತ್ತದೆ. ಬೇಸರದ ಕೆಲಸ, ಸರಿಯಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಚು ಗೆದ್ದ ಮೇಲೂ ಬೆಳಕಿನ ತಕರಾರು ಇರುತ್ತದೆ. ಪರದೆಯ ನೀಲಿ ಪ್ರತಿಫಲಿಸಿ ನಟರ ಕೆನ್ನೆ, ಕಾಲರಿನ ಮೇಲೆ ಚೆಲ್ಲಿರುತ್ತದೆ, ಅದನ್ನು ಇಳಿಸಬೇಕು. ಪೂರ್ತಿ ತೆಗೆಯುವುದೂ ತಪ್ಪೇ. ಬಯಲಲ್ಲಿ ನಿಂತವರ ಮೇಲೆ ಆಕಾಶದ ನೀಲಿ ಇದ್ದೇ ಇರುತ್ತದಲ್ಲ. ದೂರದ ಕಟ್ಟಡದ ನೆರಳು ಹತ್ತಿರದವರ ಕೋಟಿನಷ್ಟೇ ಕಪ್ಪಗಿದ್ದರೆ ಮೋಸ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ನಡುವಿನ ಗಾಳಿ ಬೆಳಕು ಚದುರಿಸಿ ದೂರದ ಕಪ್ಪನ್ನು ಮಾಸಲು ಮಾಡುತ್ತದೆ.

ಈ ಧಾರಾವಾಹಿಯನ್ನು ಫಿಲ್ಮಿನಲ್ಲಿ ಚಿತ್ರೀಕರಿಸಿದ್ದರಿಂದ ಗ್ರೇನ್ ಕೂಡ ಲೆಕ್ಕಕ್ಕೆ ಬರುತ್ತದೆ. ಫಿಲ್ಮಿನ ಕಣಗಳು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತ ಚಿತ್ರದ ಮೇಲೆ ಸಣ್ಣಗೆ ಕುಣಿಯುತ್ತವೆ, ಮೂರು ಬಣ್ಣಗಳ ಪೈಕಿ ನೀಲಿಯಲ್ಲಿ ತುಸು ಹೆಚ್ಚೇ. ಕಂಪ್ಯೂಟರಿನ ಕಡಲಿಗೆ ಈ ಕುಣಿತ ಇರುವುದಿಲ್ಲ. ಹಾಗಾಗಿ ಎಲ್ಲ ಮುಗಿದ ಮೇಲೆ ಫಿಲ್ಮಿನ ಗ್ರೇನನ್ನು ಒಂದೊಂದು ಬಣ್ಣಕ್ಕೂ ಬೇರೆಬೇರೆಯಾಗಿ ಅಳೆದು, ಅಷ್ಟೇ ಪ್ರಮಾಣದಲ್ಲಿ ಅಲೆಗಳ ಮೇಲೂ ಹಾಕುತ್ತಾರೆ.