ದಾರಿ ಕಟ್ಟಿದಾಗ ತಡೆಯಬೇಕಾದವರು ಯಾರು?

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಓದುವ ವಿದ್ಯಾರ್ಥಿಗಳು ಜಾಲದ ಕೆಲಸವನ್ನು ಏಳು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಪದರಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ಪರೀಕ್ಷೆಗೆ ಅದು ಬೇಕು, ನಿಜ. ಆದರೆ ಅಂತರ್ಜಾಲವನ್ನು ನಡೆಸುತ್ತಿರುವುದು ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಅವರ 1974ರ ಪ್ರಬಂಧದಲ್ಲಿ ಮೊಳೆತು, 1983ರ ಜನವರಿ 1ರಂದು ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್ ಜಾಲವು ಅಳವಡಿಸಿಕೊಂಡ ಟಿಸಿಪಿ/ಐಪಿ ನಿಯಮಗಳು. ಇವುಗಳಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವ ಭಾಗವು ಪಾಠದ ಕೊನೆಗೆ, ಅವಸರದಲ್ಲಿ ಮುಗಿದುಹೋಗುತ್ತದೆ. ಎಷ್ಟು ವೇಗವಾಗಿ ಕಳುಹಿಸಬೇಕು ಎಂಬುದನ್ನು ಕಳುಹಿಸುವವನು ಅರಿಯುವುದು ಹೇಗೆ ಎಂಬುದೇ ಆ ಭಾಗ.

ಮಾಹಿತಿಯನ್ನು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ವಿಳಾಸದತ್ತ ಸಾಗಿಸುವ ಐಪಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ದಾರಿಯ ನಡುವೆ ಪ್ಯಾಕೆಟ್‌ಗಳನ್ನು ಮುಂದಕ್ಕೆ ದಾಟಿಸುವ ಯಂತ್ರವಾದ ರೌಟರ್‌ನಲ್ಲಿ ಅವುಗಳ ಸಾಲು ತುಂಬಿದರೆ ಆಮೇಲೆ ಬಂದ ಪ್ಯಾಕೆಟ್ಟನ್ನು ಅದು ಸಾಮಾನ್ಯವಾಗಿ ಸದ್ದಿಲ್ಲದೆ ಚೆಲ್ಲಿಬಿಡುತ್ತದೆ. ಆ ನಷ್ಟವನ್ನು ತುಂಬಿಕೊಡುವ ಹೊಣೆ ಎರಡು ತುದಿಗಳ ಯಂತ್ರಗಳಲ್ಲಿರುವ ಟಿಸಿಪಿಯದು. ಅದು ಬೈಟ್‌ಗಳಿಗೆ ಕ್ರಮಸಂಖ್ಯೆ ಕೊಟ್ಟು, ತಲುಪಿತೆಂಬ ಸ್ವೀಕೃತಿಗಾಗಿ ಕಾದು, ಬಾರದಿದ್ದರೆ ಮತ್ತೆ ಕಳುಹಿಸುತ್ತದೆ.

ಈ ‘ಮತ್ತೆ ಕಳುಹಿಸುವಿಕೆ’ಯೇ ಒಮ್ಮೆ ಜಾಲದ ಕೊರಳು ಹಿಸುಕಿತು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ಅಂದರೆ ಸುಮಾರು 400 ಗಜಗಳ ಅಂತರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್‌ಗಳಷ್ಟಿದ್ದ ಸಾಗಣೆ 40 ಬಿಟ್‌ಗಳಿಗೆ ಕುಸಿಯಿತು. ತೊಗರಿ ರಾಶಿ ಮುಗಿದ ಕಾಲಕ್ಕೆ ಕಲಬುರಗಿಯ ಎಪಿಎಂಸಿ ಗೇಟಿನ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿವೆ ಎಂದುಕೊಳ್ಳಿ. ಮಾಲು ಮುಟ್ಟಿದ ಸುದ್ದಿ ಬಾರದ ಕಾರಣ, ಕಳುಹಿಸಿದವರೆಲ್ಲ ಹಿಂದಿನ ಗಾಡಿ ಕಳೆದೇಹೋಯಿತೆಂದು ಅದೇ ಸರಕಿನ ಇನ್ನೊಂದು ಗಾಡಿಯನ್ನು ಹೊರಡಿಸಿದರೆ ಸಾಲು ಇನ್ನೂ ಬೆಳೆಯುತ್ತದೆ, ಸುದ್ದಿ ಇನ್ನೂ ತಡವಾಗುತ್ತದೆ. ತೊಗರಿಗೆ ನಕಲು ಇಲ್ಲ, ಪ್ಯಾಕೆಟ್ಟಿಗೆ ಉಂಟು. ಹೋಲಿಕೆ ಮುರಿಯುವ ಈ ಜಾಗದಲ್ಲೇ ಅಪಾಯವೂ ಇದೆ. ಅಗ್ಗದಲ್ಲಿ ಹುಟ್ಟಿದ ನಕಲುಗಳು ದಾರಿಯನ್ನೆಲ್ಲ ತುಂಬಿ, ಹೊಸ ಮಾಹಿತಿಗೆ ಎಡೆಯೇ ಉಳಿಯುವುದಿಲ್ಲ.

ಇದರ ಬೆನ್ನು ಹತ್ತಿದ, ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್, ಮೈಕೆಲ್ ಕ್ಯಾರೆಲ್ಸ್ ಅವರೊಡನೆ ಕಂಡುಕೊಂಡ ಪರಿಹಾರಗಳು 1988ರಲ್ಲಿ ಪ್ರಕಟವಾದವು. ಅದಕ್ಕಾಗಿ ದಾರಿಯಲ್ಲಿರುವ ಒಂದು ರೌಟರನ್ನೂ ಬದಲಿಸಬೇಕಾಗಲಿಲ್ಲ. ತಿದ್ದಿದ್ದು ತುದಿಗಳ ನಡತೆಯನ್ನು. ಮೊದಲು ಒಂದೇ ಪ್ಯಾಕೆಟ್ಟನ್ನು ಕಳುಹಿಸಿ, ಸ್ವೀಕೃತಿಗೆ ಕಾಯದೆ ಒಮ್ಮೆಗೆ ಕಳುಹಿಸಬಹುದಾದ ಪ್ಯಾಕೆಟ್‌ಗಳ ಮಿತಿಯನ್ನು, ಬಂದ ಪ್ರತಿ ಸ್ವೀಕೃತಿಗೆ ಒಂದರಂತೆ ಏರಿಸಬೇಕು. ಒಂದು, ಎರಡು, ನಾಲ್ಕು, ಎಂಟು ಎಂದು ಬೇಗನೆ ಬೆಳೆಯುವ ಈ ಹಂತಕ್ಕೆ ‘ನಿಧಾನ ಆರಂಭ’ ಎಂಬ ಹೆಸರಿರುವುದು ತರಗತಿಯಲ್ಲಿ ಯಾವಾಗಲೂ ನಗೆ ತರಿಸುತ್ತದೆ. ಒಂದು ಗಡಿ ದಾಟಿದ ಮೇಲೆ ಮಾತ್ರ ಏರಿಕೆ ನಿಜವಾಗಿ ನಿಧಾನವಾಗುತ್ತದೆ. ಪ್ಯಾಕೆಟ್ ಕಳೆದ ಸುಳಿವು ಸಿಕ್ಕೊಡನೆ ಮಿತಿಯನ್ನು ತೀವ್ರವಾಗಿ ಇಳಿಸಲಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತಿದ್ದುಪಡಿ ಕಾಯುವ ಅವಧಿಯದು. ಹೋಗಿಬರುವ ಕಾಲದ ಸರಾಸರಿಯ ಜೊತೆಗೆ ಅದರ ಏರಿಳಿತವನ್ನೂ ಅಳೆದು, ಏರಿಳಿತ ಹೆಚ್ಚಿದಷ್ಟೂ ಹೆಚ್ಚು ಹೊತ್ತು ಕಾಯುವುದನ್ನು ಟಿಸಿಪಿ ಕಲಿಯಿತು.

ಆ ಏರಿಳಿತವನ್ನು ಲ್ಯಾಬಿನಲ್ಲೇ ಕಾಣಬಹುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ; ಕಲಬುರಗಿಯಿಂದ ಬೆಂಗಳೂರಿಗೆ 600 ಕಿಲೋಮೀಟರ್ ಕೇಬಲ್ ಎಂದಿಟ್ಟುಕೊಂಡರೆ ಹೋಗಿಬರಲು 6 ಮಿಲಿಸೆಕೆಂಡ್ ಸಾಕು. ಹೋಗಿಬರುವ ಕಾಲವನ್ನು ಅಳೆಯುವ ಪಿಂಗ್ ಆದೇಶ ಕೊಟ್ಟು ನೋಡಿದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಬರುತ್ತದೆ, ಪ್ರತಿ ಸಲವೂ ಬೇರೆ ಬೇರೆ ಬರುತ್ತದೆ. ಸುತ್ತುಬಳಸಿನ ದಾರಿಯೂ ರೌಟರ್‌ಗಳ ಸಾಲಿನಲ್ಲಿ ಕಾದ ಹೊತ್ತೂ ಆ ಅಂಕಿಯಲ್ಲಿ ಸೇರಿರುತ್ತವೆ. ದಾರಿಯ ನಡುವಿನ ರೌಟರ್‌ಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೌಟ್ ಉಪಕರಣವನ್ನು ಬರೆದವರೂ ಜೇಕಬ್‌ಸನ್ ಅವರೇ.

ಆದರೂ ಈ ಜಾಣ್ಮೆಗೆ ಒಂದು ಕುರುಡುತನವಿದೆ. ಯಾದಗಿರಿಯಿಂದ ರೈಲಿನಲ್ಲಿ ಬರುವ ವಿದ್ಯಾರ್ಥಿಯ ಮೊಬೈಲಿಗೆ ಸಿಗ್ನಲ್ ತಪ್ಪಿ ಪ್ಯಾಕೆಟ್ ಕಳೆದರೆ, ಟಿಸಿಪಿ ಅದನ್ನೂ ದಟ್ಟಣೆಯೆಂದೇ ಬಗೆದು, ದಾರಿ ಖಾಲಿಯಿದ್ದರೂ ವೇಗ ತಗ್ಗಿಸುತ್ತದೆ. ಗೂಗಲ್ 2016ರಲ್ಲಿ ಪ್ರಕಟಿಸಿದ ಬಿಬಿಆರ್ ವಿಧಾನವು ಅದಕ್ಕಾಗಿಯೇ ನಷ್ಟವನ್ನು ಎಣಿಸುವ ಬದಲು ದಾರಿಯ ಧಾರಣಶಕ್ತಿಯನ್ನೂ ಅತಿ ಕಡಿಮೆ ಹೋಗಿಬರುವ ಕಾಲವನ್ನೂ ಅಂದಾಜು ಮಾಡುತ್ತದೆ. ಆದರೆ ಹಳೆಯ ವಿಧಾನದವರೂ ಹೊಸ ವಿಧಾನದವರೂ ಒಂದೇ ಕೇಬಲ್ಲಿನಲ್ಲಿ ಕೂಡಿದಾಗ ಪಾಲು ಸಮನಾಗಿ ಸಿಗುತ್ತದೆಯೇ ಎಂಬ ಜಗಳ ಇನ್ನೂ ಬಗೆಹರಿದಿಲ್ಲ.